ಹೆಸರಿಲ್ಲದ ಬಟನ್

ವಿಶಾಖಾ ಮನುಷ್ಯಳಲ್ಲ ಎಂದು ಫೋನು ಮೂರು ಸಲ ಹೇಳಿತು.

ಹುಮನಾಬಾದಿನ ಹಳೇ ಬಜಾರು. ಓಂ ವೃಕ್ಷ ಸೇವಾ ಎಂಬ ಅಂಗಡಿಯ ಮೆಟ್ಟಿಲು. ಬೆಳಗಿನ ಒಂಬತ್ತು ಗಂಟೆ. ಫೋನನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೂತಿದ್ದಳು. ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಬೆರಳು ಗಾಜಿನ ಮೇಲೆ ಎಲ್ಲಿ ಸರಿಯುತ್ತದೋ ಅಲ್ಲಿರುವುದನ್ನು ಫೋನಿನೊಳಗಿನ ಒಂದು ಹೆಣ್ಣುದನಿ ಓದಿ ಹೇಳುತ್ತದೆ. ಆ ದನಿ ಈಗ ಹೇಳುತ್ತಿತ್ತು:

"ನೀವು ಮನುಷ್ಯರೆಂದು ಸಾಬೀತುಪಡಿಸಿ. ಮರಗಳಿರುವ ಚಿತ್ರಗಳನ್ನು ಆರಿಸಿ."

ಬೆರಳು ಸರಿಸಿದಳು. "ಚಿತ್ರ. ಚಿತ್ರ. ಚಿತ್ರ." ಹೀಗೆ ಒಂಬತ್ತು ಸಲ. ಯಾವ ಚಿತ್ರದಲ್ಲಿ ಏನಿದೆ ಎಂಬುದು ಆ ದನಿಗೂ ಗೊತ್ತಿರಲಿಲ್ಲ. ಅಂದಾಜಿನ ಮೇಲೆ ಮೂರು ಒತ್ತಿದಳು.

"ತಪ್ಪಾಗಿದೆ. ನೀವು ಮನುಷ್ಯರೆಂದು ಖಚಿತವಾಗಿಲ್ಲ."

ಮಗ್ಗುಲಲ್ಲಿ ಅವಳ ಅಪ್ಪ ವೈಜಿನಾಥ ಹಗ್ಗ ಸುತ್ತುತ್ತ ಕೂತಿದ್ದ. "ಏನಂತದವಾ?"

"ನಾ ಮನುಷ್ಯಾಳ ಅಲ್ಲಂತ, ಅಪ್ಪಾ."

"ಹಂಗನ್ನೋರು ನಮಗ ಹೊಸಬರೇನು? ನಿಮ್ಮಜ್ಜಗೂ ಅಂದ್ರು, ನನಗೂ ಅಂದ್ರು. ಅವರು ಬಾಯಿಲೇ ಅಂತಿದ್ರು. ಈಗ ಮಷೀನಿಗಿ ಕಲಿಸ್ಯಾರ."

ಇಬ್ಬರೂ ನಕ್ಕರು. ನಕ್ಕರಾದರೂ ನಗುವ ಮಾತಾಗಿರಲಿಲ್ಲ. ಆ ಒಂಬತ್ತು ಚಿತ್ರಗಳ ಆಚೆ ವಿಶಾಖಾಳ ಕೆಲಸವಿತ್ತು. ಚಿತ್ರ ದಾಟಿದರೆ ಕೆಲಸ. ದಾಟದಿದ್ದರೆ ಮನೆ.

ಅವರ ಊರು ರಾಜೇಶ್ವರ. ವೈಜಿನಾಥ ಮರ ಹತ್ತುವವ. ಮನೆಯ ಮೇಲೆ ಬಾಗಿದ ಟೊಂಗೆ, ಒಣಗಿದ ತಲೆ, ಹುಳ ಬಿದ್ದ ಕೊಂಬೆ, ಇವನ್ನು ಮರಕ್ಕೆ ನೋವಾಗದಂತೆ ಸವರುವುದು ಅವನ ವಿದ್ಯೆ. ಮೂವತ್ತು ವರ್ಷ ಹತ್ತಿದ್ದಾನೆ. ಅವನ ಮೊಳಕಾಲಿನ ಕೆಳಗೆ ಕೂದಲಿಲ್ಲ. ತೊಗಟೆ ಉಜ್ಜಿ ಉಜ್ಜಿ ಹೋಗಿದೆ. ಅಂಗೈ ಎಮ್ಮೆಯ ಕೊಂಬಿನಂತೆ ಗಟ್ಟಿ. ಕಣಜ ಕಚ್ಚಿ ಒಂದು ಕಿವಿ ಉಬ್ಬಿಕೊಂಡು ಹಾಗೇ ಉಳಿದಿದೆ. ಮರ ಹತ್ತಲು ಅವನನ್ನು ಎಲ್ಲರೂ ಕರೆಯುತ್ತಾರೆ. ಇಳಿದ ಮೇಲೆ ನೀರನ್ನು ಮಾತ್ರ ಇಂದಿಗೂ ಕೆಲವರು ಮೇಲಿನಿಂದ ಸುರಿಯುತ್ತಾರೆ.

ಆರು ವರ್ಷದ ಹಿಂದೆ ಓಂಪ್ರಕಾಶ ಈ ಅಂಗಡಿ ತೆರೆದ. ಜಮೀನುದಾರ ಮಹಾರುದ್ರಪ್ಪನ ಮಗ. ಮಷೀನು ಗರಗಸ ತಂದ, ಹೆಲ್ಮೆಟ್ಟು ತಂದ. ಹತ್ತಲು ವೈಜಿನಾಥ ಮತ್ತು ಅವನ ಕೇರಿಯ ಮೂವರು ಬಂದರು. ಬೋರ್ಡಿನ ಮೇಲೆ ಫೋನ್ ನಂಬರು ಬರೆಸಿದರು. ಫೋನು ರಿಂಗಣಿಸತೊಡಗಿತು. ಎತ್ತುವವರಿರಲಿಲ್ಲ. ಅಪ್ಪನ ಬುತ್ತಿ ತಂದ ವಿಶಾಖಾ ಒಂದು ದಿನ ಎತ್ತಿದಳು. ಅಂದಿನಿಂದ ಆ ಕುರ್ಚಿ ಅವಳದಾಯಿತು.

ಅವಳು ಫೋನಿನಲ್ಲಿ ಮಾತಾಡುವುದನ್ನು ಕೇಳಲೆಂದೇ ಎದುರಿನ ಚಾದ ಅಂಗಡಿಯ ಜಹೀರುದ್ದೀನ್ ಒಲೆಯ ಉರಿ ಸಣ್ಣಗೆ ಮಾಡುತ್ತಿದ್ದ.

"ಬೇವಿನ ಗಿಡಾನ್ರಿ? ಸಂಜಿಗಿ ಅದರ ನೆಳ್ಳು ನಿಮ್ಮ ಮನೀ ಮ್ಯಾಲ ಬೀಳ್ತದೋ, ಬಾಜೂದವರ ಮನೀ ಮ್ಯಾಲ ಬೀಳ್ತದೋ? ಕರೆಂಟಿನ ವಾಯರ್ ಹಾದದೇನು? ಗೂಡಿನ್ಯಾಗ ಮರಿ ಅವೇನು? ಅವಂದ್ರ ಹದಿನೈದು ದಿನ ತಡೀರಿ, ಹಾರಿ ಹೋಗ್ಲಿ. ಬುಡಕ್ಕ ದಾರ ಸುತ್ತೀರೇನು? ಕಲ್ಲಿಟ್ಟು ಕುಂಕುಮ ಹಚ್ಚೀರೇನು? ಮನ್ಯಾಗ ಹಿರೇ ಬಾಯಿ ಯಾರದಾರ? ಅವರ ಕೈಯಾಗ ಜರಾ ಫೋನ್ ಕೊಡ್ರಿ."

ಈ ಕೊನೆಯ ಮಾತು ಅವರ ಕೆಲಸದ ಕಟ್ಟಳೆ. ಮನೆಯ ಹಿರಿಯ ಹೆಂಗಸು ತನ್ನ ಬಾಯಿಂದ "ಹತ್ರಿ" ಎನ್ನುವವರೆಗೆ ವೈಜಿನಾಥನ ತಂಡ ಮರಕ್ಕೆ ಹಗ್ಗ ಒಗೆಯುವುದಿಲ್ಲ. ಮರಕ್ಕೂ ಆ ಮನೆಯ ಹೆಂಗಸರಿಗೂ ಏನೇನೋ ಮಾತುಕತೆ ಇರುತ್ತದೆ. ಗಂಡಸರಿಗೆ ಅದು ತಿಳಿದಿರುವುದಿಲ್ಲ. ತಿಳಿಯದೆ ಹತ್ತಿದರೆ ಬೈಸಿಕೊಳ್ಳುವವನು ಓಂಪ್ರಕಾಶನಲ್ಲ. ಮರದ ಮೇಲಿದ್ದವನು.

ಕಲ್ಯಾಣದ ಸೀಮೆ ಇದು. ಇಲ್ಲಿ ಕೆಲಸವೆಂದರೆ ಪೂಜೆ ಎಂದು ಎಂಟುನೂರು ವರ್ಷದಿಂದ ಹೇಳುತ್ತ ಬಂದಿದ್ದಾರೆ. ದೇವರ ದಯದಿಂದ ಹೇಳುವವರಿಗೆ ಕೊರತೆಯಿಲ್ಲ. ಪೂಜೆಯ ಬಾಗಿಲಲ್ಲಿ ಯಾರನ್ನು ನಿಲ್ಲಿಸುತ್ತಾರೆ ಎಂಬುದು ಬೇರೆ ಮಾತು.

ಹಿಂದಿನ ದಿನವಷ್ಟೇ ಅಂಗಡಿಯ ಮುಂದೆ ಶಾಮಿಯಾನ ಹಾಕಿದ್ದರು. ವೆಬ್‌ಸೈಟಿನ ಉದ್ಘಾಟನೆ. ಓಂಪ್ರಕಾಶ ಮೈಕಿನಲ್ಲಿ, "ನಮ್ಮ ಅಂಧ ಸಹೋದರಿಯ ಅಮೃತ ಹಸ್ತದಿಂದ" ಎಂದ. ವಿಶಾಖಾಳನ್ನು ರಟ್ಟೆ ಹಿಡಿದು ಮೇಲೆ ಹತ್ತಿಸಿದರು. ಅವಳಿಗೆ ಮೆಟ್ಟಿಲು ಗೊತ್ತಿತ್ತು, ಹಿಡಿಯುವುದು ಬೇಕಿರಲಿಲ್ಲ. ಯಾರೋ ಅವಳ ತೋರುಬೆರಳನ್ನು ಪೆನ್ನಿನಂತೆ ಹಿಡಿದು ಒಂದು ಗುಂಡಿಯ ಮೇಲೆ ಒತ್ತಿದರು. ಚಪ್ಪಾಳೆ ಬಿತ್ತು. ಫೋಟೋ ತೆಗೆದರು. "ಇತ್ತ ನೋಡವ್ವಾ" ಎಂದು ಫೋಟೋದವನು ಹೇಳಿದ. ಎತ್ತ ಎಂದು ಅವಳು ಕೇಳಿದಳು. ಆಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಶಾಮಿಯಾನ ಬಿಚ್ಚುವಾಗ ಜಹೀರುದ್ದೀನ್ ಬಂದು ಹೇಳಿದ್ದ, ಬೋರ್ಡಿನ ಮೇಲಿನ ಫೋನ್ ನಂಬರಿಗೆ ಬಣ್ಣ ಬಳಿದಿದ್ದಾರೆಂದು.

ಈಗ ಓಂಪ್ರಕಾಶನ ಬೈಕು ಬಂದು ನಿಂತಿತು. ಚಪ್ಪಲಿಯ ಸದ್ದು ಮೆಟ್ಟಿಲವರೆಗೆ ಬಂದು ನಿಂತಿತು.

"ತಂಗೀ, ನೀ ಯಾಕ ಬಂದಿ? ಇನ್ಮ್ಯಾಲ ಎಲ್ಲಾ ಆನ್‌ಲೈನ್. ಮಂದಿ ಫೋಟೋ ಕಳಸ್ತಾರ, ಒಳಗ ಲಿಸ್ಟ್ ಬರ್ತದ, ನಾ ಚೀಟಿ ಬರದು ನಿಮ್ಮಪ್ಪಗ ಕೊಡ್ತೀನಿ. ನೀ ದಣೀಬ್ಯಾಡ."

"ನಾ ದಣಿದೀನಿ ಅಂತ ಯಾರ್ ಹೇಳ್ಯಾರ್ರಿ, ಅಣ್ಣಾರ?"

"ಹಂಗಲ್ಲವ್ವಾ. ಮನ್ಯಾಗ ಆರಾಮ್ ಕೂಡು. ತಿಂಗಳಾ ತಿಂಗಳಾ ಜ್ವಾಳ, ಬ್ಯಾಳಿ, ಎಣ್ಣಿ ಕಳಸ್ತೀನಿ. ಕಣ್ಣಿಲ್ಲದವರಿಗಿ ಮಾಡಿದ್ದು ಎಲ್ಲಿಗಿ ಹೋಗ್ತದ? ಪುಣ್ಯಾ ಅದು."

ಅವನ ದನಿಯಲ್ಲಿ ಕೆಡುಕಿರಲಿಲ್ಲ. ಅದೇ ಕೆಟ್ಟದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ವಿಶಾಖಾ ಎದ್ದು ನಿಂತಳು.

"ಜ್ವಾಳ ನಿಮ್ಮ ಕ್ವಾಣ್ಯಾಗೇ ಇರ್ಲಿ. ಪುಣ್ಯಾ ಬೇಕಾದ್ರ ಬ್ಯಾರೆ ಕಡಿ ನೋಡ್ಕೋರಿ. ನನ್ನ ಮ್ಯಾಲ ಬೆಳೀಬ್ಯಾಡ್ರಿ. ನಾ ಹೊಲ ಅಲ್ಲ."

ಚಾದ ಅಂಗಡಿಯಲ್ಲಿ ಯಾರೋ ಕೆಮ್ಮಿದರು.

"ಮತ್ತೇನ್ ಬೇಕು ನಿನಗ?"

"ನನ್ನ ಕೆಲಸಾ. ಆ ವೆಬ್‌ಸೈಟಿನ ಒಳಗ ನಾನೂ ಕೂಡ್ತೀನಿ. ಬಾಗಲಾ ತೆಗಸ್ರಿ."

"ಅದಕ್ಕ ಕಣ್ಣು ಬೇಕವ್ವಾ!"

"ಕಣ್ಣು ಬ್ಯಾಡ್ರಿ. ಬಟನಿಗಿ ಹೆಸರು ಬೇಕು. ಹೆಸರಿದ್ರ ಈ ಫೋನ್ ಓದ್ತದ, ನಾ ಒತ್ತೀನಿ. ಬ್ಯಾಂಕಿನ್ಯಾಗ ಹೆಸರದ, ರೈಲ್ವೇದಾಗ ಹೆಸರದ, ನಿಮ್ಮದ್ರಾಗ ಇಲ್ಲ."

ಓಂಪ್ರಕಾಶ ನಕ್ಕ. "ಹುಚ್ಚಿ ಇದ್ದಿ" ಎಂದು ಒಳಗೆ ಹೋದ. ಒಳಗೆ ಅವಳ ಕುರ್ಚಿಯನ್ನು ಎಳೆದ ಸದ್ದು ಕೇಳಿತು. ಅದರ ಮೇಲೆ ಪ್ರಿಂಟರ್ ಇಟ್ಟರು.

ಮರುದಿನ ವಿಶಾಖಾ ಮತ್ತೆ ಬಂದಳು. ಅದೇ ಎಂಟೂವರೆ ಬಸ್ಸು, ಅದೇ ಮೆಟ್ಟಿಲು. ಫೋನು ತೆಗೆದು ವೆಬ್‌ಸೈಟಿನ ಮೊದಲ ಪುಟ ಓದಿಸತೊಡಗಿದಳು. ಜಹೀರುದ್ದೀನ್ ಚಾ ತಂದಿಟ್ಟ.

"ಬೇಟಿ, ಈ ಫೋನು ಏನ್ ಗುಣುಗುಣು ಅಂತದ? ಸರಿಯಾಗಿ ಕೇಳವಲ್ದು. ನನ್ನ ಹಾಡಿನ ಡಬ್ಬಿಗಿ ಹಚ್ಚು. ಬಜಾರಿಗಿ ಬಜಾರೇ ಕೇಳ್ಲಿ."

ಹಚ್ಚಿದರು. ಡಬ್ಬಿ ಸಣ್ಣದು, ಗಂಟಲು ದೊಡ್ಡದು. ಬಜಾರಿನ ನಡುವೆ ಆ ಹೆಣ್ಣುದನಿ ಗಂಭೀರವಾಗಿ, ದೇವರ ಪಾರಾಯಣದಂತೆ ಶುರುಮಾಡಿತು:

"ಓಂ ವೃಕ್ಷ ಸೇವಾ. ಚಿತ್ರ. ಹೆಸರಿಲ್ಲದ ಬಟನ್. ಹೆಸರಿಲ್ಲದ ಬಟನ್. ಚಿತ್ರ. ಲಿಂಕ್. ಹೆಸರಿಲ್ಲದ ಬಟನ್. ನೀವು ಮನುಷ್ಯರೆಂದು ಸಾಬೀತುಪಡಿಸಿ. ಚಿತ್ರ. ಚಿತ್ರ. ಚಿತ್ರ."

ಮೆಂತ್ಯೆ ಸೊಪ್ಪಿನ ಗಂಗುಬಾಯಿ ತಕ್ಕಡಿ ಹಿಡಿದು ನಿಂತಳು. "ಇದ್ಯಾವ ಭಜನೀನ ಯವ್ವಾ?"

"ಸಾವ್ಕಾರ್ರ ಹೊಸಾ ಅಂಗಡಿ, ಕಾಕೂ. ನನಗ ಒಳಗ ಹಿಂಗ ಕಾಣ್ತದ."

"ಅಯ್ಯ! ಒಂದಕ್ಕೂ ಹೆಸರಿಟ್ಟಿಲ್ಲಲ್ಲ! ನಾವು ಕುರಿಮರಿಗೂ ಇಡ್ತೀವಿ."

ಅಂದು ಐದು ಸಲ ಪಾರಾಯಣ ಆಯಿತು. ಮರುದಿನ ಎಂಟು ಸಲ. ಮೂರನೆಯ ದಿನಕ್ಕೆ ಅದು ಬಜಾರಿನ ಬಾಯಿಪಾಠವಾಯಿತು. "ಹೆಸರಿಲ್ಲದ ಬಟನ್ ಕಡೀಂದ ಬಲಕ್ಕ ಹೊಳ್ಳು" ಎಂದು ಆಟೋದವರು ದಾರಿ ಹೇಳತೊಡಗಿದರು. ಮುಖಕ್ಷೌರಕ್ಕೆ ಬಂದ ಓಂಪ್ರಕಾಶನನ್ನು ಕ್ಷೌರಿಕ, "ಬರ್ರಿ ಬಟನ್ ಸಾವ್ಕಾರ್ರ" ಎಂದು ಕರೆದನಂತೆ. ಸಾಬೂನು ಹಚ್ಚಿದ ಮುಖದಲ್ಲೇ ಓಂಪ್ರಕಾಶ ಎದ್ದು ಬಂದ.

"ಬಂದ್ ಮಾಡು ಅದನ್ನ! ನನ್ನ ಇಜ್ಜತ್ ತೆಗ್ಯಾಕತ್ತಿದಿ!"

"ನಾ ಒಂದಕ್ಷರ ಕೂಡ್ಸಿಲ್ರಿ, ಅಣ್ಣಾರ. ನೀವು ಬರ್ಸಿದ್ದನ್ನೇ ಓದ್ಸಾಕತ್ತೇನಿ."

"ಮೆಟ್ಟಲಾ ನಂದದ! ಇಳಿ!"

ಇಳಿದಳು. ಒಂದು ಮೆಟ್ಟಿಲು ಕೆಳಗೆ ರಸ್ತೆ. ರಸ್ತೆಯ ಮೇಲೆ ಕೂತಳು. "ಇದು ನಿಮ್ಮದಲ್ಲ, ಹೌದಲ್ರಿ?" ಗಂಗುಬಾಯಿ ಖಾಲಿ ಗೋಣಿಚೀಲ ಹಾಸಿಕೊಟ್ಟಳು. ಡಬ್ಬಿ ಮುಂದುವರಿಯಿತು.

ಆ ಮಧ್ಯಾಹ್ನ ಬಸವಕಲ್ಯಾಣದಿಂದ ಸ್ನೇಹಲ್ ಬಂದಳು. ವೆಬ್‌ಸೈಟು ಕಟ್ಟಿದವಳು ಅವಳೇ. ಇಪ್ಪತ್ನಾಲ್ಕು ವರ್ಷದ ಹುಡುಗಿ. ಓಂಪ್ರಕಾಶ ಫೋನಿನಲ್ಲಿ ಅವಳಿಗೆ ಕೂಗಾಡಿದ್ದ. ಅವಳೂ ಸಿಟ್ಟಿನಿಂದಲೇ ಬಸ್ಸು ಇಳಿದಿದ್ದಳು. ತಾನು ಹದಿನೈದು ದಿನ ನಿದ್ದೆಗೆಟ್ಟು ಮಾಡಿದ ಕೆಲಸವನ್ನು ಯಾರೋ ಬೀದಿಯಲ್ಲಿ ನಗೆಗೀಡು ಮಾಡುತ್ತಿದ್ದಾರೆಂದು.

"ನೀವೇ ಏನ್ರಿ ವಿಶಾಖಾ? ನನ್ನ ಸೈಟಿನ್ಯಾಗ ಏನ್ ತಪ್ಪದ? ಎಲ್ಲಾರೂ ಚಂದ ಅದ ಅಂದಾರ."

"ಕೂಡ್ರಿ ಅಕ್ಕಾ. ಚಂದ ಇರಬಹುದು. ಒಂದ್ ಐದು ಮಿನಿಟ್ ಕಣ್ಣು ಮುಚ್ಚಿ ನಿಮ್ಮ ಸೈಟಿನ್ಯಾಗ ಒಂದು ಬೇವಿನ ಗಿಡಾ ಬುಕ್ ಮಾಡ್ರಿ. ನಾ ಚಾ ಹೇಳ್ತೀನಿ."

ಸ್ನೇಹಲ್ ಗೋಣಿಚೀಲದ ಮೇಲೆ ಕೂತಳು. ಫೋನು ತೆಗೆದುಕೊಂಡಳು. "ಹೆಸರಿಲ್ಲದ ಬಟನ್" ಎಂದಿತು ಫೋನು. ಒತ್ತಿದಳು. "ಹೆಸರಿಲ್ಲದ ಬಟನ್." ಮತ್ತೆ ಒತ್ತಿದಳು. ಎಲ್ಲಿಗೋ ಹೋಯಿತು. ಹಿಂದೆ ಬರಲು ದಾರಿ ಸಿಗಲಿಲ್ಲ.

"ಇದ್ಯಾವ ಬಟನ್?" ಎಂದು ತನ್ನನ್ನೇ ಕೇಳಿಕೊಂಡಳು.

"ನಿಮಗೇ ಗೊತ್ತಾಗವಲ್ದು? ಮಾಡಿದವರು ನೀವೇ."

ಚಾ ಬಂತು. ಆರಿತು. ಒಂಬತ್ತು ಚಿತ್ರಗಳ ಹತ್ತಿರ ಸ್ನೇಹಲ್ ಬೆರಳು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಇದು ನಂದೇ ಐಡಿಯಾ. ಗಿಡದ ಅಂಗಡಿ ಅಂತ ಗಿಡದ ಚಿತ್ರಾ ಇಟ್ಟಿದ್ದೆ. ಖುಷಿ ಆಗಿತ್ತು ನನಗ."

"ಇವನ್ನೆಲ್ಲ ಸರಿ ಮಾಡ್ಲಾಕ ಎಷ್ಟು ದಿನ ಹಿಡೀತದ?"

"ಎರಡು ದಿನ." ಕಣ್ಣು ತೆರೆದು, "ಮೊದಲೇ ಮಾಡಿದ್ರ ಅಷ್ಟೂ ಹಿಡೀತಿದ್ದಿಲ್ಲ. ಯಾರೂ ಕೇಳ್ಲಿಲ್ಲ. ನನಗೂ ಹೊಳೀಲಿಲ್ಲ."

"ಎರಡು ದಿನದ ಕೆಲಸಾ ಉಳಸ್ಲಾಕ ನನ್ನ ಆರು ವರ್ಷ ತೆಗದ್ರಿ."

ಸ್ನೇಹಲ್ ಫೋನನ್ನು ಅವಳ ಕೈಗೆ ಮರಳಿಸಿದಳು. ಎದ್ದು ಒಳಗೆ ಹೋದಳು. ಎರಡು ದಿನ ಕೊಡ್ರಿ, ಪುಕ್ಕಟೆ ಮಾಡಿಕೊಡ್ತೀನಿ ಎಂದು ಅವಳು ಹೇಳಿದ್ದು ಹೊರಗೆ ಕೇಳಿಸಿತು. ಓಂಪ್ರಕಾಶ ಹೇಳಿದ್ದೂ ಕೇಳಿಸಿತು.

"ಯಾರ ಸಲುವಾಗಿ? ಈ ತಾಲೂಕಿನ್ಯಾಗ ಎಷ್ಟು ಮಂದಿ ಕುರುಡರು ಗಿಡಾ ಇಟ್ಟಾರ? ನಡದದ ಧಂಧೆ, ನಡೀಲಿ. ಈಗ ಬದಲು ಮಾಡಿದ್ರ ಅಕಿ ಗೆದ್ದಂಗ ಆಗ್ತದ."

ಆದದ್ದು ಇಷ್ಟೇ. ಕಣ್ಣಿನ ಮಾತು ಮುಗಿದಿತ್ತು. ಈಗ ಗೆಲ್ಲುವ ಮಾತು.

ಕಾರಹುಣ್ಣಿಮೆ ಆಗಿ ನಾಲ್ಕು ದಿನ ಕಳೆದಿತ್ತು. ಬೆಳಗಿನ ಹತ್ತರ ಸುಮಾರು ವಿಶಾಖಾಳ ಫೋನು ರಿಂಗಣಿಸಿತು. ಅಪ್ಪ. ಅವನ ಮಾತಿಗಿಂತ ಮೊದಲು ದೊಡ್ಡ ಎಲೆಗಳ ಸದ್ದು ಬಂತು. ಆಲದ ಮರ, ಎಂದುಕೊಂಡಳು. ಆಮೇಲೆ ಹೆಂಗಸರ ಕೂಗು.

"ವಿಶಾ, ತಪ್ಪಾಗ್ಯದ. ಮಾಣಿಕನಗರದಾಗ ಇದ್ದೀವಿ. ಚೀಟಿಯೊಳಗ 'ಆಲದ ಗಿಡ, ಮೂರು ಟೊಂಗಿ' ಅಂತಷ್ಟೇ ಇತ್ತು. ರಸ್ತೇದ ಕಡೀಂದ ಹಗ್ಗ ಒಗದೀವಿ. ಆಚಿ ಮಗ್ಗಲಿಗಿ ಹುಣ್ಣಿವಿ ದಾರ ಸುತ್ಯಾರ. ಹಗ್ಗಾ ಜಗ್ಗಿದಾಗ ಹರದಾವ."

ಗಂಡನ ಆಯುಷ್ಯಕ್ಕೆಂದು ಹೆಂಗಸರು ಉಪವಾಸವಿದ್ದು ಸುತ್ತಿದ ದಾರ. ಅದನ್ನು ಹರಿದದ್ದು ರಾಜೇಶ್ವರದ ಕೇರಿಯಿಂದ ಬಂದವರ ಹಗ್ಗ. ಇಂಥದಕ್ಕೆ ಏನಾಗುತ್ತದೆಂದು ವಿಶಾಖಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹಿಂದಿನಿಂದ ಒಂದು ದಪ್ಪ ದನಿ ಕೇಳುತ್ತಿತ್ತು. ಆ ಮನೆಯ ಹಿರಿಯಳು ಶಕುಂತಲಾಬಾಯಿ. "ಯಾವನಾಂವ ಹಗ್ಗ ಒಗದಾಂವ? ನಿಮ್ಮ ಮಂದಿಗಿ ಏನ್ ತಿಳೀತದ! ಅಂಗಳದಾಗ ಬಿಟ್ಟಿದ್ದೇ ತಪ್ಪಾತು!"

ವೈಜಿನಾಥ ಎಂದೂ ದನಿ ಎತ್ತಿದವನಲ್ಲ. ಬೈಗುಳ ಬಿದ್ದಾಗ ಅವನು ತಲೆಯ ಟವೆಲ್ ಬಿಚ್ಚಿ ಕೊಡವಿ ಮತ್ತೆ ಕಟ್ಟುತ್ತಾನೆ, ಅಷ್ಟೇ. ಅಂದು ಕಟ್ಟಲಿಲ್ಲವಂತೆ.

"ನಮ್ಮ ಮಂದಿಗಿ ತಿಳೀತದ್ರಿ, ಬಾಯಾರ. ಆರು ವರ್ಷ ಕೇಳೇ ಹತ್ತೀವಿ. ಕೇಳಾಕಿ ಇದ್ಲು. ಅಕಿನ್ನ ತೆಗದು ಮಷೀನ್ ಇಟ್ಟಾರ. ಫೋನಿನ್ಯಾಗ ಅದಾಳ, ಮಾತಾಡ್ರಿ."

"ಕಟ್ಟೀ ಮ್ಯಾಲ ಇಡು."

ಕಲ್ಲಿಗೆ ಫೋನು ತಾಗಿದ ಸದ್ದು ವಿಶಾಖಾಳ ಕಿವಿಗೆ ಬಡಿಯಿತು. ಕೈಯಿಂದ ಕೈಗೆ ಹೋಗಲಿಲ್ಲ. ಆಮೇಲೆ ಬಳೆಯ ಸದ್ದು, ಉಸಿರು.

"ಯಾರು?"

"ನಾ ವಿಶಾಖಾ ರೀ. ವೈಜಿನಾಥನ ಮಗಳು."

"ಹೋದ ವರ್ಷ ನಮ್ಮ ಹುಣಸೀ ಗಿಡಕ್ಕ ನೂರಾ ಎಂಟು ಪ್ರಶ್ನಿ ಕೇಳಿದಾಕಿ ನೀನೇ ಏನು? ಗಿಳೀ ಮರಿ ಹಾರೋ ತನಕಾ ಕಾಯ್ಸಿದಾಕಿ?"

"ನಾನೇ ರೀ."

"ಮತ್ತ ಈ ಸಲಾ ಯಾಕ ಸುಮ್ನಿದ್ದಿ?"

"ನಾ ಮನುಷ್ಯಾಳ ಅಂತ ವೆಬ್‌ಸೈಟಿಗಿ ಖಾತ್ರಿ ಆಗವಲ್ದ್ರಿ. ಅದಕ್ಕ ಒಳಗ ಬಿಡವಲ್ದು."

ಈ ಸಲ ಶಕುಂತಲಾಬಾಯಿಯ ದನಿ ಬೇರೆಯಾಗಿ ಬಂತು.

"ನನಗೂ ಹಂಗೇ ಅಂತಲ್ಲವ್ವಾ ಅದು! ಚಾಳೀಸು ಹಾಕ್ಕೊಂಡು ಕೂತೆ. ಸಾಸಿವಿ ಕಾಳಿನಂಥಾ ಚಿತ್ರಾ. ಗಿಡಾ ಅಂತ ಒತ್ತಿದ್ರ ಅದು ಕರೆಂಟಿನ ಕಂಬ ಆಗಿತ್ತು. ಮೂರು ಸಲಾ ಮನುಷ್ಯಾಳ ಅಲ್ಲ ಅಂತು. ಮಗಾ ತುಳಜಾರಾಮ ನಕ್ಕೋತ ಕಸ್ಕೊಂಡು ತಾನೇ ಕಳಿಸ್ದ. ಅವಗೇನ್ ಗೊತ್ತು ದ್ಯಾವರು ದಿಂಡರು, ಅಂವ ಮುಂದಿನ ಮಗ್ಗಲಾ ಫೋಟೋ ಹೊಡದ."

ವಿಶಾಖಾಳಿಗೆ ನಗು ಉಕ್ಕಿ ಬಂತು. ತಡೆದುಕೊಂಡಳು. ನಗುವುದಕ್ಕಿಂತ ಮೊದಲು ಒಂದು ಕೆಲಸವಿತ್ತು.

"ಬಾಯಾರ, ದಾರದ ತಪ್ಪು ನಮ್ಮ ಕಡೀಂದ ಆಗ್ಯದ. ಕೈ ಮುಗೀತೀನಿ. ಆದ್ರ ಆಗಳೇ 'ನಿಮ್ಮ ಮಂದಿ' ಅಂದ್ರಲ್ಲ, ಅದನ್ನ ಮೊದಲ ವಾಪಸ್ ತಗೋರಿ. ಆಮ್ಯಾಲ ಗಿಡದ ಮಾತು."

"ಸಿಟ್ಟಿನ್ಯಾಗ ಬಂತವ್ವಾ."

"ಸಿಟ್ಟಿನ್ಯಾಗ ಒಳಗಿದ್ದದ್ದೇ ಬರ್ತದ್ರಿ."

ಬಜಾರಿನಲ್ಲಿ ಗಂಗುಬಾಯಿ ತಕ್ಕಡಿ ಕೆಳಗಿಟ್ಟಳು. ಜಹೀರುದ್ದೀನ್ ಒಲೆ ಸಣ್ಣಗೆ ಮಾಡಿದ. ಫೋನಿನ ಆ ಬದಿಯಲ್ಲಿ ಆಲದ ಮರ ಒಂದು ಸಲ ದೊಡ್ಡದಾಗಿ ಉಸಿರಾಡಿತು. ಆಮೇಲೆ ಶಕುಂತಲಾಬಾಯಿ ಹೇಳಿದಳು, ಫೋನಿಗಲ್ಲ, ಎದುರಿದ್ದವನಿಗೆ:

"ತಪ್ಪು ಅಂದೆ, ವೈಜಿನಾಥ. ಹಿಡಿ ನಿನ್ನ ಫೋನ್."

ಈ ಸಲ ಕಲ್ಲಿನ ಸದ್ದು ಬರಲಿಲ್ಲ.

ವೈಜಿನಾಥ ಹಗ್ಗ ಇಳಿಸಿ ಸುತ್ತಿದ. ತನ್ನ ಮೂವರಿಗೆ ಹೇಳಿದ: "ಇವತ್ತು ಹತ್ತಂಗಿಲ್ಲ. ನಾಳಿಗೂ ಹತ್ತಂಗಿಲ್ಲ. ನನ್ನ ಮಗಳು ಕೇಳಿದ ಮ್ಯಾಲೇ ಹತ್ತೋದು." ನಾಲ್ವರೂ ಬಂದು ಹೆಲ್ಮೆಟ್ಟುಗಳನ್ನು ಅಂಗಡಿಯ ಬಾಗಿಲಲ್ಲಿ ಕುಂಬಳಕಾಯಿಯಂತೆ ಸಾಲಾಗಿಟ್ಟರು. ವಿಶಾಖಾಳ ಬದಿಗೆ ಕೂತರು. ಗೋಣಿಚೀಲ ಸಾಲಲಿಲ್ಲ.

ಓಂಪ್ರಕಾಶ ಬೇರೆ ಹತ್ತುವವರನ್ನು ಹುಡುಕಿದ. ಎರಡು ದಿನ ಹುಡುಕಿದ. ತೆಂಗು ಹತ್ತುವವರು ಸಿಕ್ಕರು. ಬೇವಿನ ಮರ ನೋಡಿ ತಿರುಗಿ ಹೋದರು. ವೆಬ್‌ಸೈಟಿನಲ್ಲಿ ಫೋಟೋಗಳು ಬೀಳುತ್ತಲೇ ಇದ್ದವು. ಹತ್ತುವ ಕಾಲುಗಳು ರಸ್ತೆಯಲ್ಲಿ ಚಾ ಕುಡಿಯುತ್ತಿದ್ದವು.

ಮೂರನೆಯ ಬೆಳಿಗ್ಗೆ ಮಾಣಿಕನಗರದ ಆಟೋ ಬಂದು ನಿಂತಿತು. ಶಕುಂತಲಾಬಾಯಿ ಇಳಿದಳು. ನೇರ ಬಾಗಿಲಿಗೆ ಹೋದಳು.

"ಓಂಪ್ರಕಾಶ, ನಿನ್ನ ಅಂಗಡಿ ನನಗ ಮನುಷ್ಯಾಳ ಅಲ್ಲ ಅಂದದ. ಹೌದೋ ಅಲ್ಲೋ, ನೀ ನಾಕು ಮಂದಿ ಮುಂದ ಹೇಳು."

"ಅಯ್ಯೋ ಕಾಕೂ, ಅದು ನಿಮಗಲ್ರಿ, ಕಂಪ್ಯೂಟರಿಗಿ..."

"ನಿಮ್ಮಪ್ಪ ಮಹಾರುದ್ರಪ್ಪ ನನ್ನ ಕೈಯಾಗಿನ ರೊಟ್ಟಿ ತಿಂದು ದೊಡ್ಡಾಂವ ಆದ. ಆ ರೊಟ್ಟಿ ಕಂಬಾ ಮಾಡಿತ್ತೇನೋ?"

ಬಜಾರು ಬಿದ್ದು ನಕ್ಕಿತು. ಓಂಪ್ರಕಾಶನೂ ನಗಬೇಕಾಯಿತು. ನಗುತ್ತಲೇ ಸ್ನೇಹಲ್‌ಗೆ ಫೋನು ಹಚ್ಚಿದ.

ಹನ್ನೊಂದು ದಿನ ವಿಶಾಖಾ ಬೀದಿಯಲ್ಲಿ ಕೂತಿದ್ದಳು. ಅದಕ್ಕೆ ತೆರೆಯದ ಬಾಗಿಲು ದೊಡ್ಡ ಮನೆಯ ಹೆಂಗಸಿನ ಒಂದು ಮಾತಿಗೆ ತೆರೆಯಿತು. ಇದು ನ್ಯಾಯವಲ್ಲ. ಅವಳಿಗೂ ಗೊತ್ತಿತ್ತು. ಯಾರ ಗುದ್ದಿಗೆ ತೆರೆಯಿತೆಂದು ಕೇಳುತ್ತ ನಿಲ್ಲಲಿಲ್ಲ. ಎದ್ದು ಸೀರೆಯ ಧೂಳು ಕೊಡವಿ ಒಳಗೆ ಹೋದಳು. ಕುರ್ಚಿಯ ಮೇಲಿನ ಪ್ರಿಂಟರನ್ನು ತಾನೇ ಎತ್ತಿ ನೆಲಕ್ಕಿಟ್ಟಳು.

ಎರಡು ದಿನ ಸ್ನೇಹಲ್ ಅವಳ ಪಕ್ಕದಲ್ಲಿ ಕೂತು ಹೆಸರಿಟ್ಟಳು. ಒಂಬತ್ತು ಚಿತ್ರಗಳ ಪರೀಕ್ಷೆ ಕಿತ್ತುಹಾಕಿದಳು. ಅಕ್ಷರ ದೊಡ್ಡದಾಯಿತು. ಫೋನ್ ನಂಬರು ಮೇಲೆ ಬಂತು. ವಿಶಾಖಾಳ ಪ್ರಶ್ನೆಗಳೆಲ್ಲ ಕನ್ನಡದಲ್ಲಿ ಒಳಗೆ ಹೋದವು. ಮನೆಯ ಹಿರಿಯ ಹೆಂಗಸಿನ ಹೆಸರು, ಅವರು ಯಾವ ಹೊತ್ತಿಗೆ ಫೋನಿಗೆ ಸಿಗುತ್ತಾರೆ ಎಂಬುದೂ. ಪ್ರತಿಯೊಂದು ಬಟನ್ನಿಗೂ ಫೋನು ಹೆಸರು ಕೂಗಿದಾಗ ಹೊರಗಿನಿಂದ ಜಹೀರುದ್ದೀನ್, "ಮುಬಾರಕ್!" ಎನ್ನುತ್ತಿದ್ದ.

ಕೊನೆಗೆ ಮೊದಲ ಪುಟದ ದೊಡ್ಡ ಚಿತ್ರ ಉಳಿಯಿತು.

"ಇದಕ್ಕ ಓಂಪ್ರಕಾಶಣ್ಣ ಬರದು ಕೊಟ್ಟಾರ" ಎಂದಳು ಸ್ನೇಹಲ್. "'ಮರ ಏರಿದ ಕೂಲಿಯಾಳು' ಅಂತ."

"ಯಾರಾಂವ? ನೋಡಿ ಹೇಳ್ರಿ."

"ಮುಖಾ ಎಲಿ ಹಿಂದ ಅದ. ಎಡಗೈ ಕಾಣ್ತದ. ಮೊಣಕೈಯಿಂದ ಮಣಿಕಟ್ಟಿನ ತನಕಾ ಉದ್ದ ಗಾಯದ ಕಲೆ ಅದ."

ಆ ಕಲೆಯನ್ನು ವಿಶಾಖಾ ಬೆರಳಿನಿಂದ ಎಷ್ಟೋ ಸಲ ಓದಿದ್ದಳು. "ನಮ್ಮಪ್ಪ" ಎಂದಳು. ಹೊರಗೆ ಕೂಗಿದಳು: "ಅಪ್ಪಾ! ನೀ ಇದ್ರಾಗ ಇದ್ದಿ!"

ವೈಜಿನಾಥ ಬಂದು ಬಗ್ಗಿ ನೋಡಿದ. "ಹೌದಲ್ಲಾ! ಇದು ನಿರ್ಣಾ ಊರಿನ ಹುಣಸೀ ಗಿಡಾ. ನನ್ನ ಫೋಟೋ ಹಾಕ್ಯಾರಂತ ನನಗೇ ಗೊತ್ತಿಲ್ಲ."

"ಮತ್ತೇನ್ ಕಾಣ್ತದ, ಅಕ್ಕಾ?"

"ಸೊಂಟಕ್ಕ ಹಗ್ಗ ಅದ. ಹಗ್ಗಾ ಕೆಳಗಿಳದು ಚಿತ್ರದ ಹೊರಗ ಹೋಗ್ಯದ."

ವಿಶಾಖಾ ಅಂಗೈ ಉಜ್ಜಿಕೊಂಡಳು. ನಿರ್ಣಾದಲ್ಲಿ ಅಂದು ಹಗ್ಗ ಹಿಡಿಯುವವನಿಗೆ ಜ್ವರ ಬಂದಿತ್ತು. ಹಿಡಿದವಳು ಅವಳು. ಮೂರು ತಾಸು ಅಪ್ಪನ ಭಾರ ಅವಳ ಅಂಗೈಯಲ್ಲಿ ಏರುತ್ತ ಇಳಿಯುತ್ತ ಇತ್ತು. ಕೆಳಗಿನಿಂದ ಫೋಟೋ ತೆಗೆಯುತ್ತಿದ್ದ ಓಂಪ್ರಕಾಶ, "ತಂಗೀ, ಜರಾ ಬಾಜೂ ಸರಿ" ಎಂದಿದ್ದ. ಹಗ್ಗ ಬಿಟ್ಟು ಹ್ಯಾಂಗ ಸರೀಲ್ರಿ, ಎಂದಿದ್ದಳು. ಅವನು ತಾನೇ ಕ್ಯಾಮೆರಾ ಸರಿಸಿಕೊಂಡಿದ್ದ.

"ಬರ್ಕೋರಿ ಅಕ್ಕಾ" ಎಂದಳು. "ನಿರ್ಣಾದ ಹುಣಸೆ ಮರದ ಮೇಲೆ ರಾಜೇಶ್ವರದ ವೈಜಿನಾಥ. ಸೊಂಟದ ಹಗ್ಗದ ಇನ್ನೊಂದು ತುದಿ ಅವನ ಮಗಳು ವಿಶಾಖಾಳ ಕೈಯಲ್ಲಿದೆ. ಅವಳು ಚಿತ್ರದಲ್ಲಿಲ್ಲ."

ಓಂಪ್ರಕಾಶ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಚಿತ್ರದಾಗ ಇಲ್ಲದ್ದನ್ನ ಯಾಕ ಬರೀಬೇಕು?"

ವಿಶಾಖಾ ದನಿ ಬಂದ ಕಡೆಗೆ ಮುಖ ತಿರುಗಿಸಿ ನಕ್ಕಳು.

"ಕಣ್ಣಿದ್ದವರಿಗಿ ಕಾಣಂಗಿಲ್ಲಲ್ರಿ, ಅಣ್ಣಾರ. ನಮ್ಮಂಥೋರಿಗರೆ ಗೊತ್ತಾಗ್ಲಿ."